ಕಾರಿನೊಳಗಿನ ಗಾಳಿ: ಮನೆಯಲ್ಲಿಯೇ ಮಾಡಬಹುದಾದ ಒಂದು ಕೆಲಸ

ಮಹಾಶಿವರಾತ್ರಿಯ ಜಾತ್ರೆಯ ಸಂದರ್ಭದಲ್ಲಿ ನಾವು ಕುಟುಂಬಸಮೇತರಾಗಿ ಗೌರಿಬಿದನೂರಿನಿಂದ ಮಧುಗಿರಿ, ಕೊರಟಗೆರೆ ಮಾರ್ಗವಾಗಿ ತುಮಕೂರಿನ ಸಿದ್ಧಗಂಗಾ ಕ್ಷೇತ್ರಕ್ಕೆ ಕಾರಿನಲ್ಲಿ ಹೋಗಿ ಬಂದೆವು. ದರ್ಶನವೂ ಪ್ರಸಾದವೂ ಸಾಂಗವಾಗಿ ನೆರವೇರಿದವು. ಮರಳಿ ಬರುವಾಗ ಮಾತ್ರ, ಮಧುಗಿರಿ ದಾಟಿದ ಮೇಲೆ, ಎಪ್ಪತ್ತೆರಡು ವರ್ಷದ ನಮ್ಮ ಮಾತೃಶ್ರೀಯವರಿಗೆ ಕೆಮ್ಮು ಹತ್ತಿತು. ಅವರದು ಮೊದಲಿನಿಂದಲೂ ಉಬ್ಬಸದ ಪ್ರಕೃತಿ. ಕಿಟಕಿ ಗಾಜು ಏರಿಸಿ ಎ.ಸಿ. ಹಾಕಿಬಿಟ್ಟರೆ ಧೂಳಿನ ಬಾಧೆ ಇರದೆಂದು ನಾವು ಬಲವಾಗಿ ನಂಬಿದ್ದೆವು. ಆದರೆ ಗಾಜು ಏರಿಸಿದಷ್ಟೂ ಅವರ ಕೆಮ್ಮು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

"ಈ ತಣ್ಣನೆ ಗಾಳಿ ನನಗೆ ಆಗೋದಿಲ್ಲಪ್ಪ, ಅದನ್ನ ನಿಲ್ಲಿಸಿಬಿಡು" ಎಂದರು. ನಿಲ್ಲಿಸಿ ಗಾಜು ಇಳಿಸಿದೆವು. ಮುಂದೆ ಟಾರ್ಪಾಲು ಹೊದಿಸದ ಜಲ್ಲಿಪುಡಿಯ ಲಾರಿಯೊಂದು ಹೋಗುತ್ತಿತ್ತು. ಅದರ ಧೂಳು ಕಣ್ಣಿಗೂ ಮೂಗಿಗೂ ಒಟ್ಟಿಗೇ ನುಗ್ಗಿತು. ಕೊನೆಗೆ ರಸ್ತೆಬದಿಯ ಹೊಂಗೆಯ ನೆರಳಿನಲ್ಲಿ ಕಾರು ನಿಲ್ಲಿಸಿ, ಇನ್‌ಹೇಲರ್ ಕೊಟ್ಟು, ಅವರ ಎದೆಯ ಸೀಟಿಯಂಥ ಸದ್ದು ತಗ್ಗುವವರೆಗೆ ಅರ್ಧ ಗಂಟೆ ಕಾಲ ಬೆನ್ನು ನೀವುತ್ತ ಕುಳಿತೆವು. ಆ ಅರ್ಧ ಗಂಟೆಯನ್ನು ನಾವು ಮರೆಯಲಾರೆವು.

ಮರುದಿನ ನಮ್ಮೂರ ವೈದ್ಯರಲ್ಲಿಗೆ ಹೋದೆವು. ಅವರು ಎದೆ ಪರೀಕ್ಷಿಸಿ, ಔಷಧಿಯ ಚೀಟಿ ಬರೆದು, ನಾವು ಏಳುವ ಹೊತ್ತಿಗೆ ಒಂದು ಪ್ರಶ್ನೆ ಕೇಳಿದರು: "ಕಾರಿನ ಎ.ಸಿ. ಫಿಲ್ಟರ್ ಯಾವಾಗ ಬದಲಾಯಿಸಿದ್ದೀರಿ?" ಅಂಥದೊಂದು ವಸ್ತು ಕಾರಿನಲ್ಲಿದೆ ಎಂಬುದೇ ನಮಗೆ ತಿಳಿದಿರಲಿಲ್ಲ. ಎಂಜಿನ್ನಿಗೆ ಗಾಳಿ ಸೋಸುವ ಫಿಲ್ಟರ್ ಇದೆಯೆಂದು ಬಲ್ಲೆವು, ಆಯಿಲ್ ಫಿಲ್ಟರ್ ಬಲ್ಲೆವು. ಕಾರಿನಲ್ಲಿ ಕೂರುವ ಮನುಷ್ಯರಿಗೂ ಒಂದು ಇದೆ ಎಂಬುದನ್ನು ಬಲ್ಲದೆ ಐದು ವರ್ಷ ಕಾರು ಓಡಿಸಿದ್ದೆವು! ಹೆಸರು ಕ್ಯಾಬಿನ್ ಏರ್ ಫಿಲ್ಟರ್. ಬಿಡಿಭಾಗದ ಅಂಗಡಿಗಳಲ್ಲಿ ಎ.ಸಿ. ಫಿಲ್ಟರ್ ಎಂದರೆ ಸಾಕು, ತಿಳಿಯುತ್ತದೆ. ನಮ್ಮ ಹಾಗೆಯೇ ಅರಿಯದೆ ಇರುವ ಕುಟುಂಬಗಳು ಇನ್ನೂ ಹಲವು ಇರಬಹುದೆಂದು ಎಣಿಸಿ ಈ ಲೇಖನವನ್ನು ಬರೆಯಲು ಹೊರಟಿದ್ದೇವೆ.

ಆ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಡಿಪ್ಲೊಮಾ ಓದುತ್ತಿರುವ ಹುಡುಗ. ಯಂತ್ರವೆಂದರೆ ಬಿಚ್ಚಿ ನೋಡುವ ಚಪಲ. ಸಂಗತಿ ಕೇಳಿದವನೇ, "ಅದಕ್ಕೆ ಶೆಡ್ಡಿಗೆ ಹೋಗೋದು ಬೇಡ ಮಾವ, ಇಲ್ಲೇ ನೋಡೋಣ" ಎಂದು ಎಡಬದಿಯ ಬಾಗಿಲು ತೆಗೆದು ಕುಕ್ಕರಗಾಲಿನಲ್ಲಿ ಕುಳಿತ. ಚಾಲಕನ ಪಕ್ಕದ ಸೀಟಿನ ಎದುರಿಗಿರುವ ಮುಚ್ಚಳದ ಖಾನೆಯನ್ನು, ಅಂದರೆ ಗ್ಲೋವ್ ಬಾಕ್ಸನ್ನು, ಮೊದಲು ಬರಿದು ಮಾಡಿಸಿದ. ಅದರೊಳಗಿಂದ ವಿಭೂತಿಯ ಗಟ್ಟಿ, ಮಠದ ರಸೀದಿಗಳು, ಎರಡು ಮದುವೆಯ ಲಗ್ನಪತ್ರಿಕೆಗಳು, ಕಳೆದುಹೋಯಿತೆಂದು ನಾವು ಕೈಬಿಟ್ಟಿದ್ದ ಕನ್ನಡಕ, ಎಲ್ಲವೂ ಹೊರಬಂದವು. ಬಳಿಕ ಅವನು ಖಾನೆಯ ಒಳಗೋಡೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಇದ್ದ ಪ್ಲಾಸ್ಟಿಕ್ ಗೂಟಗಳನ್ನು ತಿರುಗಿಸಿ ಕಿತ್ತ. ಖಾನೆ ತಾನಾಗಿಯೇ ಕೆಳಕ್ಕೆ ಜೋತುಬಿದ್ದಿತು. ಹಿಂದೆ ಅಂಗೈಯಗಲದ ಉದ್ದನೆಯ ಮುಚ್ಚಳವೊಂದು ಕಂಡಿತು. ಅದರ ಕೊಂಡಿಯನ್ನು ಒತ್ತಿ ತೆಗೆದು, ಒಳಗಿನ ಚೌಕಟ್ಟನ್ನು ಮೆಲ್ಲನೆ ಎಳೆದ.

ಹೊರಬಂದುದನ್ನು ವರ್ಣಿಸಲು ಸಂಕೋಚವಾಗುತ್ತದೆ. ಹೊಸದಿದ್ದಾಗ ಬೆಳ್ಳಗೆ ಬೀಸಣಿಗೆಯ ಮಡಿಕೆಗಳಂತಿರುವ ವಸ್ತು ಅದು. ನಮ್ಮದು ಒಲೆಯ ಮೇಲಿನ ಅಟ್ಟದ ಬಣ್ಣಕ್ಕೆ ತಿರುಗಿತ್ತು. ಮಡಿಕೆಗಳ ನಡುವೆ ರಾಗಿಯ ಹೊಟ್ಟು, ಮುಸುಕಿನ ಜೋಳದ ಸಿಪ್ಪೆಯ ಚೂರು, ಒಣಗಿದ ಹೊಂಗೆಯ ಹೂ, ಸತ್ತ ನೊಣಗಳು. ಒಂದು ಮೂಲೆಯಲ್ಲಿ ಇಲಿಯೊಂದು ಹತ್ತಿಯನ್ನೂ ಕಾಗದದ ಚೂರುಗಳನ್ನೂ ತಂದು ಗೂಡು ಹೂಡಿ, ಹಿಕ್ಕೆ ಹಾಕಿ, ಹೋಗುವಾಗ ಮಡಿಕೆಯ ತುದಿಯನ್ನೂ ಕಡಿದುಹೋಗಿತ್ತು. ಮಾತೃಶ್ರೀಯವರು ಜಗುಲಿಯಿಂದಲೇ ನೋಡಿ, "ಶಿವಶಿವಾ, ಇದರ ಮೂಲಕ ಬಂದ ಗಾಳೀನಾ ನಾನು ಕುಡಿದದ್ದು?" ಎಂದರು. ನಾವು ತಲೆ ತಗ್ಗಿಸಿದೆವು.

ಹಳೆಯ ಸರ್ವಿಸ್ ಬಿಲ್ಲುಗಳನ್ನು ಹುಡುಕಿ ತೆಗೆದಾಗ, ಅವುಗಳಲ್ಲಿ ಎರಡರಲ್ಲಿ ಈ ಫಿಲ್ಟರಿನ ಹೆಸರೂ ಬೆಲೆಯೂ ನಮೂದಾಗಿದ್ದವು. ಆ ಸರ್ವಿಸ್ ಕೇಂದ್ರದ ಹೆಸರು ಇಲ್ಲಿ ಬೇಡ. ಬದಲಾಯಿಸಿದ್ದರೋ ಇಲ್ಲವೋ, ಬಿಲ್ಲಿಗೆ ಹಣ ತೆತ್ತ ನಾವು ಹಳೆಯದನ್ನು ತೋರಿಸಿರೆಂದು ಒಮ್ಮೆಯೂ ಕೇಳಿರಲಿಲ್ಲ. ಈ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ತಮ್ಮ ಜೀವಮಾನವೆಲ್ಲ ಬೋಧಿಸಿದವರು. ಅವರ ಊರಿನ ನೆರೆಯಲ್ಲಿದ್ದೂ ನಾವು ಒಂದು ಬಿಲ್ಲನ್ನು ಸಹ ಪ್ರಶ್ನಿಸದೆ ಇದ್ದೆವಲ್ಲ ಎಂದು ನಮಗೆ ಅಂದು ನಾಚಿಕೆಯಾಯಿತು.

ಈ ಫಿಲ್ಟರಿನ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಮುಂಗಾಜಿನ ಬುಡದಲ್ಲಿ, ವೈಪರ್ ಕಡ್ಡಿಗಳಿರುವೆಡೆ, ಕಪ್ಪು ಪ್ಲಾಸ್ಟಿಕ್ಕಿನ ಜಾಲರಿಯೊಂದಿರುತ್ತದೆ. ಹೊರಗಿನ ಗಾಳಿ ಕಾರಿನೊಳಕ್ಕೆ ಬರುವುದು ಅದರ ಮೂಲಕ. ಅಲ್ಲಿಂದ ಫಿಲ್ಟರನ್ನು ಹಾದು, ಬ್ಲೋವರ್ ಎಂಬ ಬೀಸಣಿಗೆಯ ಸೆಳೆತಕ್ಕೆ ಸಿಕ್ಕಿ, ಎ.ಸಿ.ಯ ತಂಪಿನ ಕಾಯಿಲಿನ ಮೇಲೆ ಹರಿದು ನಮ್ಮ ಮುಖಕ್ಕೆ ಬೀಸುತ್ತದೆ. ಬಹುಪಾಲು ಕಾರುಗಳಲ್ಲಿ ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುವ ಗುಂಡಿ ಒತ್ತಿದಾಗಲೂ ಆ ಗಾಳಿ ಇದೇ ಫಿಲ್ಟರಿನ ಮೂಲಕವೇ ಸಾಗುತ್ತದೆ. ಹೀಗಿರುವಾಗ ಗಾಜು ಏರಿಸಿದ ಮಾತ್ರಕ್ಕೆ ರಕ್ಷಣೆಯಾಯಿತೆಂದು ನಂಬಿದ್ದ ನಮ್ಮ ಭ್ರಮೆ ಎಂಥದೆಂಬುದನ್ನು ವಾಚಕರೇ ಊಹಿಸಬಹುದು. ಮಾತೃಶ್ರೀಯವರನ್ನು ಕಾಡಿದ್ದು ತಣ್ಣನೆಯ ಗಾಳಿಯೊಂದೇ ಅಲ್ಲ, ಇಲಿಯ ಗೂಡನ್ನು ಹಾದು ಬಂದ ಗಾಳಿ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಶ್ವಾಸಕೋಶಕ್ಕೆ ಹೆಚ್ಚು ಅಪಾಯಕರವೆಂದು ವೈದ್ಯರು ಹೇಳುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, 10 ಮೈಕ್ರಾನಿಗಿಂತ ಸಣ್ಣ ಕಣಗಳು ಗಂಟಲು ದಾಟಿ ಒಳಹೋಗಬಲ್ಲವು. ಎರಡೂವರೆ ಮೈಕ್ರಾನಿಗಿಂತಲೂ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ದಿನದ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ, ಮೊದಲನೆಯ ಬಗೆಯವು 100 ಮೈಕ್ರೊಗ್ರಾಂ, ಎರಡನೆಯವು 60 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇವನ್ನು 45 ಮತ್ತು 15ಕ್ಕೆ ಇಳಿಸಬೇಕೆಂದು ಸಲಹೆ ಮಾಡಿತು. ಫಿಲ್ಟರಿನ ನಾರುಗಳು ಜರಡಿಯಂತೆ ತಡೆಯುವುದಲ್ಲದೆ, ಅವುಗಳಿಗೆ ತುಂಬಿರುವ ಸ್ಥಾಯಿ ವಿದ್ಯುತ್ತಿನಿಂದ ಸಣ್ಣ ಕಣಗಳನ್ನು ಸೆಳೆದು ಹಿಡಿಯುತ್ತವೆ. ಬಾಚಣಿಗೆಯನ್ನು ಒಣಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುತ್ತಿದ್ದ ನಮ್ಮ ಬಾಲ್ಯದ ಆಟವೇ ಇದು.

ಗಾಳಿಯನ್ನು ಸೋಸಿ ಕಾರಿನೊಳಗೆ ಬಿಡುವ ಆಲೋಚನೆ ಹೊಸದಲ್ಲ. ಅಮೆರಿಕದ ನ್ಯಾಶ್ ಕಂಪನಿಯು 1938ರಲ್ಲಿಯೇ ಹೊರಗಾಳಿಯನ್ನು ಸೋಸಿ ಬೆಚ್ಚಗೆ ಮಾಡಿ ಒಳಬಿಡುವ ಏರ್ಪಾಡನ್ನು ತನ್ನ ಕಾರುಗಳಲ್ಲಿ ಮಾಡಿತ್ತು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗುಂಡು ಹಾರಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಆಗ ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ಸಂಚರಿಸುತ್ತಿದ್ದರು. ಗಾಳಿಯನ್ನು ಸೋಸುವ ಅಗತ್ಯ ಅವರಿಗೆ ಇದ್ದಂತೆ ತೋರುವುದಿಲ್ಲ.

ಇಂದು ನಮ್ಮ ಸೀಮೆಗೆ ಆ ಅಗತ್ಯ ಬೇಕಾದಷ್ಟಿದೆ. ಇದು ಮಳೆ ಕಡಿಮೆಯ ನಾಡು. ಊರ ಮಗ್ಗುಲಲ್ಲೇ ಇರುವ ಉತ್ತರ ಪಿನಾಕಿನಿಯು ವರ್ಷದ ಹೆಚ್ಚು ಕಾಲ ಮರಳಿನ ಹಾಸು. ಆಷಾಢದ ಗಾಳಿ ಎದ್ದರೆ ಹೊಲದ ಕೆಮ್ಮಣ್ಣೆಲ್ಲ ರಸ್ತೆಗೆ ಬರುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಬೆಟ್ಟಗುಡ್ಡಗಳ ತಪ್ಪಲಿನಲ್ಲಿ ಬಂಡೆ ಒಡೆದು ಜಲ್ಲಿ ಮಾಡುವ ಕ್ರಷರುಗಳಿವೆ. ಅಲ್ಲಿಂದ ಹೊರಡುವ ಲಾರಿಗಳ ಹಿಂದೆ ಹತ್ತು ನಿಮಿಷ ಹೋದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸುಗ್ಗಿಯಲ್ಲಂತೂ ರಸ್ತೆಯೇ ಕಣ. ರೈತರು ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ಟಾರು ರಸ್ತೆಯ ಮೇಲೆ ಹರಡುತ್ತಾರೆ, ವಾಹನಗಳ ಚಕ್ರವೇ ಒಕ್ಕುವ ಗುಂಡು. ಅದರ ಹೊಟ್ಟು ನೇರವಾಗಿ ಮುಂಗಾಜಿನ ಬುಡದ ಜಾಲರಿಗೆ ಹಾರುತ್ತದೆ. (ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬಿಸಿಯಾಗಿ ಕಾರೇ ಹೊತ್ತಿಕೊಂಡ ಸುದ್ದಿಗಳನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಕಡೆ ಪಕ್ಕದಲ್ಲಿ ದಾರಿ ಮಾಡಿಕೊಂಡು ಹೋಗುವುದೇ ಲೇಸು.) ಇವೆಲ್ಲದರ ಮೇಲೆ ರಸ್ತೆಯ ಇಕ್ಕೆಲಗಳಲ್ಲಿ ಕಾಂಗ್ರೆಸ್ ಗಿಡ. ಅದರ ಪರಾಗ ಹಲವರಿಗೆ ಸೀನು, ಕಣ್ಣುರಿ, ಉಬ್ಬಸ ತರುವುದು ಎಲ್ಲರೂ ಬಲ್ಲ ವಿಷಯ. ಪರಾಗರೇಣು ಸಾಮಾನ್ಯವಾಗಿ ದೊಡ್ಡ ಗಾತ್ರದ ಕಣವಾದ್ದರಿಂದ ಸುಸ್ಥಿತಿಯ ಫಿಲ್ಟರ್ ಅದನ್ನು ಚೆನ್ನಾಗಿ ತಡೆಯುತ್ತದೆ ಎಂಬುದು ನಮಗೆ ಸಮಾಧಾನದ ಸಂಗತಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಗಾಜಿನ ಹಿಂದೆ ಕುಳಿತ ನಮಗೆ ಆ ಧೂಳು ಅರ್ಧ ಗಂಟೆಯ ಕಷ್ಟ. ಕ್ರಷರಿನ ಬಳಿ ದಿನವಿಡೀ ನಿಲ್ಲುವ ಕೂಲಿಕಾರನಿಗೆ ಅದು ಜೀವಮಾನದ ಕಷ್ಟ. ಕಲ್ಲಿನ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಸಿದರೆ ಸಿಲಿಕೋಸಿಸ್ ಎಂಬ ವ್ಯಾಧಿ ಬರುತ್ತದೆ. ಅದನ್ನು ಪೂರ್ಣವಾಗಿ ವಾಸಿಮಾಡುವ ಔಷಧಿ ಇಲ್ಲ. ನೀರು ಚಿಮುಕಿಸಿ ಧೂಳನ್ನು ಅಡಗಿಸುವುದು, ಲಾರಿಗೆ ಟಾರ್ಪಾಲು ಹೊದಿಸುವುದು ದೊಡ್ಡ ವಿದ್ಯೆಯೇನಲ್ಲ. ನಮ್ಮ ಸಮಾಜದ ಬಾಂಧವರಲ್ಲಿ ಲಾರಿ, ಕ್ರಷರುಗಳ ಒಡೆಯರಿದ್ದರೆ ಈ ಮಾತನ್ನು ಅನ್ಯಥಾ ಭಾವಿಸಬಾರದು.

ಇನ್ನು ಫಿಲ್ಟರ್ ಬದಲಾಯಿಸುವ ಕ್ರಮ. ಕಾರಿನ ಹೆಸರು, ಮಾದರಿ, ತಯಾರಾದ ವರ್ಷ ಹೇಳಿದರೆ ಅಂಗಡಿಯವರು ಸರಿಯಾದುದನ್ನೇ ಕೊಡುತ್ತಾರೆ. ಸಾಧಾರಣ ಕಾರುಗಳಿಗೆ ಬೆಲೆ ಕೆಲವು ನೂರು ರೂಪಾಯಿಗಳಷ್ಟೆ. ಹಳೆಯದನ್ನೇ ಜೊತೆಗೆ ಒಯ್ದು ಅಳತೆ ನೋಡಿ ತರುವುದು ಇನ್ನೂ ಒಳ್ಳೆಯದು. ಒಂದು ಬೆರಳಗಲ ಸಣ್ಣದಾದರೂ ಗಾಳಿ ಸಂದಿಯಿಂದ ನುಸುಳಿ, ಹಾಕಿದ್ದೂ ವ್ಯರ್ಥವಾಗುತ್ತದೆ. ಗಾಡಿಯನ್ನು ಪೂರ್ತಿ ಆರಿಸಿ ಕೀಲಿ ತೆಗೆದಿಡಬೇಕು. ಖಾನೆಯ ಸುತ್ತ ಹಳದಿ ಬಣ್ಣದ ತಂತಿ ಅಥವಾ ಕೊಂಡಿ ಕಂಡರೆ ಅದು ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಅದನ್ನು ಮುಟ್ಟಲೇಬಾರದು. ಹಳೆಯದನ್ನು ಎಳೆಯುವಾಗ ಕಸ ಬ್ಲೋವರಿನೊಳಗೆ ಉದುರದಂತೆ ನಿಧಾನವಾಗಿ, ಮಟ್ಟವಾಗಿ ಎಳೆಯಬೇಕು. ಚೌಕಟ್ಟಿನ ಅಂಚಿನಲ್ಲಿ ಗಾಳಿ ಹರಿಯುವ ದಿಕ್ಕನ್ನು ತೋರುವ ಬಾಣದ ಗುರುತು ಇರುತ್ತದೆ. ಹಳೆಯದರಲ್ಲಿ ಅದು ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದನ್ನೂ ಹಾಗೆಯೇ ಕೂರಿಸಬೇಕು. ಕೆಲವು ಕಾರುಗಳಲ್ಲಿ ಫಿಲ್ಟರ್ ಎರಡು ತುಂಡಾಗಿರುತ್ತದೆ. ಕೆಲವಲ್ಲಿ ಪೆಡಲುಗಳ ಪಕ್ಕದಿಂದಲೋ ಬಾನೆಟ್ಟಿನ ಕೆಳಗಿನಿಂದಲೋ ತೆಗೆಯಬೇಕಾಗುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರವಿರುತ್ತದೆ. ಇನ್ನು ಕೆಲವು ಹಳೆಯ, ಅಗ್ಗದ ಮಾದರಿಗಳಲ್ಲಿ ಜಾಗವನ್ನು ಮಾತ್ರ ಬಿಟ್ಟು ಫಿಲ್ಟರನ್ನೇ ಇಟ್ಟಿರುವುದಿಲ್ಲ. ಅಂಥವರು ಅಂಗಡಿಯಲ್ಲಿ ವಿಚಾರಿಸಿ ಹಾಕಿಸಿಕೊಳ್ಳುವುದು ಯುಕ್ತ.

ನಮ್ಮ ಹಾಗೆ ಇಲಿಯ ಹಿಕ್ಕೆ ಕಂಡರೆ ಬರಿಗೈಯಲ್ಲಿ ಮುಟ್ಟಬಾರದು, ಒಣದಾಗಿ ಗುಡಿಸಲೂಬಾರದು. ಇಲಿಯ ಮೂತ್ರ, ಹಿಕ್ಕೆಗಳಿಂದ ರೋಗಗಳು ಹರಡುವುದುಂಟು. ಇಲಿಜ್ವರದ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಕೈಗೆ ಗವಸು ತೊಟ್ಟು, ಸೋಂಕುನಾಶಕ ದ್ರವದಿಂದ ನೆನೆಸಿದ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಎಸೆಯಬೇಕು. ನಮ್ಮ ಕಾರು ನಿಲ್ಲುತ್ತಿದ್ದುದು ಹಿತ್ತಲಿನ ರಾಗಿಹುಲ್ಲಿನ ಬಣವೆಯ ಪಕ್ಕದಲ್ಲಿ. ಇಲಿಯ ತಪ್ಪೇನಿದೆ?

ಕೆಲಸ ಮುಗಿಯುವ ಹೊತ್ತಿಗೆ ನಮ್ಮ ತೀರ್ಥರೂಪರು ಬಂದು ಹಳೆಯ ಫಿಲ್ಟರನ್ನು ಕೋಲಿನ ತುದಿಯಿಂದ ತಿರುವಿ ನೋಡಿದರು. ಮಿತವ್ಯಯದಲ್ಲಿ ಅವರನ್ನು ಮೀರಿಸುವವರಿಲ್ಲ.

"ಏನಪ್ಪ, ಸೋಪಿನ ನೀರಲ್ಲಿ ಅದ್ದಿ ಒಣಗಿಸಿದರೆ ಇನ್ನೊಂದು ವರ್ಷ ಬಾರದೇನು? ಇಲ್ಲದಿದ್ದರೆ ನನ್ನ ಹಳೇ ಪಂಚೆ ಇದೆ, ನಾಲ್ಕು ಮಡಿಕೆ ಮಾಡಿ ಇಟ್ಟುಬಿಡು."

"ತೊಳೆದರೆ ಅದರ ಸೆಳೆಯೋ ಶಕ್ತಿ ಹೋಗುತ್ತೆ ತಾತ. ಪಂಚೆ ಇಟ್ಟರೆ ಗಾಳೀನೇ ಬರೋದಿಲ್ಲ."

"ಹಾಗಾದರೆ ನನ್ನ ಪಂಚೆ ಉಳಿಯಿತು ಬಿಡು" ಎಂದು ಅವರು ನಕ್ಕರು.

ಹುಡುಗ ಹೇಳಿದ್ದು ಸರಿ. ನೀರು ತಾಗಿದರೆ ನಾರುಗಳ ವಿದ್ಯುತ್ ಸೆಳೆತ ಕುಂದುತ್ತದೆ. ಗ್ಯಾರೇಜಿನಲ್ಲಿ ಗಾಳಿಯ ಪೈಪಿನಿಂದ ಜೋರಾಗಿ ಊದಿಸಿದರೆ ನಾರು ಹರಿದು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ತೊಳೆದು ಬಳಸಬಹುದೆಂದು ತಯಾರಕರೇ ಬರೆದಿರುವ ಬಗೆಗಳನ್ನು ಮಾತ್ರ ತೊಳೆಯಬಹುದು. ನಡುನಡುವೆ ಹೊರಗೆ ತೆಗೆದು, ಕೊಳೆಯ ಮುಖವನ್ನು ಕೆಳಗೆ ಮಾಡಿ ಮೆಲ್ಲನೆ ತಟ್ಟಿದರೆ ಹೊಟ್ಟು, ಎಲೆ ಉದುರುತ್ತವೆ. ಅದು ತಾತ್ಕಾಲಿಕ ಉಪಾಯ. ಸಾಮಾನ್ಯವಾಗಿ 15,000ದಿಂದ 20,000 ಕಿಲೋಮೀಟರಿಗೆ, ಇಲ್ಲವೆ ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ. ನಮ್ಮ ಧೂಳಿನ ಸೀಮೆಯಲ್ಲಿ 10,000 ಕಿಲೋಮೀಟರಿಗೇ ಬಿಚ್ಚಿ ನೋಡುವುದು ಒಳ್ಳೆಯದು. ನಾವು ಸುಗ್ಗಿ ಮುಗಿದ ಮೇಲೊಮ್ಮೆ, ಆಷಾಢ ಕಳೆದ ಮೇಲೊಮ್ಮೆ ನೋಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಬ್ಲೋವರ್ ಭೋರೆಂದು ಸದ್ದು ಮಾಡಿದರೂ ಗಾಳಿ ಮಾತ್ರ ಮುಖಕ್ಕೆ ತಾಕದಿದ್ದರೆ, ಹಾಕಿದೊಡನೆ ಮುಗ್ಗಲು ವಾಸನೆ ಬಂದರೆ, ಕಾಯದೆ ಅಂದೇ ನೋಡಬೇಕು. ಇನ್ನೊಂದು ಅಪಾಯವೂ ಇದೆ. ಮಳೆಯಲ್ಲೋ ನಂದಿಬೆಟ್ಟದ ಮಂಜಿನಲ್ಲೋ ಮುಂಗಾಜಿನ ಒಳಬದಿಗೆ ಕವಿಯುವ ಮಬ್ಬನ್ನು ಕಳೆಯುವುದು ಇದೇ ಗಾಳಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಮಬ್ಬು ಬೇಗ ಹೋಗದು, ದಾರಿ ಕಾಣದು.

ಮುಗ್ಗಲು ವಾಸನೆಗೆ ತೇವ ನಿಂತ ಕಾಯಿಲೂ ಕಾರಣವಿರಬಹುದು. ಊರು ತಲುಪಲು ಮೂರು ನಾಲ್ಕು ನಿಮಿಷ ಇರುವಾಗಲೇ ಎ.ಸಿ. ಆರಿಸಿ ಬ್ಲೋವರನ್ನು ಮಾತ್ರ ಓಡಿಸಿದರೆ ಅದು ಒಣಗುತ್ತದೆ. ಮುಂಗಾಜಿನ ಬುಡದ ಎಲೆಗಳನ್ನು ಬೆಳಿಗ್ಗೆ ಕಾರು ಒರೆಸುವಾಗಲೇ ಹೆಕ್ಕಿ ತೆಗೆಯಬೇಕು. ಹುಣಿಸೆಯ ಮರದ ಕೆಳಗೆ ನಿಲ್ಲಿಸುವವರಿಗೆ ಈ ಮಾತು ವಿಶೇಷವಾಗಿ ಅನ್ವಯ.

ಈ ಫಿಲ್ಟರಿನಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಅದು ಧೂಳನ್ನು ಹಿಡಿಯುತ್ತದೆ, ವಿಷಾನಿಲವನ್ನಲ್ಲ. ಇದ್ದಿಲಿನ ಪದರವಿರುವ ಕಪ್ಪು ಬಣ್ಣದ ಫಿಲ್ಟರುಗಳು ವಾಸನೆಯನ್ನೂ ಕೆಲವು ಅನಿಲಗಳನ್ನೂ ಸ್ವಲ್ಪ ಮಟ್ಟಿಗೆ ಹೀರುತ್ತವೆ. ಆದರೆ ಕಾರ್ಬನ್ ಮಾನಾಕ್ಸೈಡನ್ನು ಯಾವುದೂ ತಡೆಯದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ, ನಿಂತ ಕಾರಿನಲ್ಲಿ ಎ.ಸಿ. ಹಾಕಿಕೊಂಡು ನಿದ್ರಿಸುವುದು ಪ್ರಾಣಾಪಾಯ. ಲಾರಿಯ ಹಿಂದೆ ಸಿಲುಕಿದಾಗ ಒಳಗಾಳಿಯ ಗುಂಡಿ ಒತ್ತಿ, ದಾಟಿದ ಮೇಲೆ ಮತ್ತೆ ಹೊರಗಾಳಿಗೆ ಬದಲಾಯಿಸಬೇಕು. ಐದಾರು ಮಂದಿ ಕುಳಿತ ಕಾರಿನಲ್ಲಿ ಬಹಳ ಹೊತ್ತು ಒಳಗಾಳಿಯೇ ತಿರುಗಿದರೆ ಉಸಿರಿನ ಇಂಗಾಲದ ಡೈ ಆಕ್ಸೈಡ್ ಹೆಚ್ಚಿ ಚಾಲಕನಿಗೆ ತೂಕಡಿಕೆ ಬರುತ್ತದೆ.

ಮಾತೃಶ್ರೀಯವರ ಉಬ್ಬಸ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ವೈದ್ಯರ ಔಷಧಿ, ಇನ್‌ಹೇಲರ್ ನಡೆದೇ ಇವೆ; ಚಳಿಗಾಲದಲ್ಲಿ ಈಗಲೂ ರಾತ್ರಿ ಎದ್ದು ಕೂರುತ್ತಾರೆ. ಆದರೆ ಆ ಬಳಿಕ ಬೆಂಗಳೂರಿಗೆ ಎರಡು ಸಲ, ಚಿಂತಾಮಣಿಯ ಮದುವೆಗೆ ಒಂದು ಸಲ ಅವರನ್ನು ಕರೆದೊಯ್ದಾಗ ದಾರಿಯಲ್ಲಿ ಕಾರು ನಿಲ್ಲಿಸುವ ಪ್ರಸಂಗ ಬರಲಿಲ್ಲ. ಎ.ಸಿ. ಬೇಡವೆಂದೂ ಅವರು ಹೇಳಲಿಲ್ಲ. ಚಿಂತಾಮಣಿಯಿಂದ ಬರುವಾಗ ಶಿಡ್ಲಘಟ್ಟದವರೆಗೂ ನಿದ್ರಿಸಿದರು.

ಎರಡನೆಯ ಸಲ ಫಿಲ್ಟರ್ ಬದಲಾಯಿಸಿದವರು ನಮ್ಮ ಶ್ರೀಮತಿಯವರು. ನಾವು ಊರಿನಲ್ಲಿರಲಿಲ್ಲ. ಅಂಗಡಿಯಿಂದ ತಾವೇ ತರಿಸಿ, ಒಗ್ಗರಣೆಗೆ ಇಟ್ಟ ಎಣ್ಣೆ ಕಾಯುವಷ್ಟರಲ್ಲಿ ಮುಗಿಸಿದೆನೆಂದು ಅವರು ಹೇಳಿಕೊಳ್ಳುವುದರಲ್ಲಿ ಸ್ವಲ್ಪ ಅತಿಶಯೋಕ್ತಿ ಇದ್ದೀತು. ಕಾಲು ಗಂಟೆ ಹಿಡಿದಿತ್ತೆಂದು ಮಾತೃಶ್ರೀಯವರ ಸಾಕ್ಷ್ಯ. ಹಾಕುವ ಮುನ್ನ ಅವರು ಒಂದು ಕೆಲಸ ಮಾಡಿದ್ದರು, ನಮಗೆ ಅದು ಹೊಳೆದಿರಲಿಲ್ಲ. ಹೊಸ ಫಿಲ್ಟರಿನ ಅಂಚಿನ ಮೇಲೆ ಪೆನ್ನಿನಿಂದ ಅಂದಿನ ದಿನಾಂಕವನ್ನೂ ಕಾರು ಓಡಿದ್ದ ಕಿಲೋಮೀಟರನ್ನೂ ಬರೆದು, ಅದನ್ನೇ ಗ್ಲೋವ್ ಬಾಕ್ಸಿನ ಮುಚ್ಚಳದ ಒಳಬದಿಗೆ ಒಂದು ಚೀಟಿಯಲ್ಲಿ ಅಂಟಿಸಿದ್ದರು. ಈಗ ವಿಭೂತಿ ತೆಗೆಯಲೆಂದು ಖಾನೆ ತೆರೆದಾಗಲೆಲ್ಲ ಆ ಚೀಟಿ ಕಣ್ಣಿಗೆ ಬೀಳುತ್ತದೆ.